ಬೆಳಿಗ್ಗೆ ಏಳದ ಕೋವಿ

ವಸ್ತು ಕೆಟ್ಟರೆ ರಿಪೇರಿಯವನನ್ನು ಕರೆಯುವವರಿದ್ದಾರೆ, ಮೂಲೆಗೆ ಎಸೆದು ಹೊಸದು ತರುವವರಿದ್ದಾರೆ. ನಾನು ಈ ಎರಡೂ ಗುಂಪಿಗೆ ಸೇರಿದವನಲ್ಲ. ಕೆಟ್ಟದ್ದು ಕಂಡರೆ ನನಗೆ ಬಿಚ್ಚಬೇಕು ಅನ್ನಿಸುತ್ತದೆ. ಕೆಡದೇ ಇರುವುದನ್ನು ಕಂಡರೂ ಅನ್ನಿಸುತ್ತದೆ, ಆದರೆ ಅದನ್ನು ಮನೆಯವರೆದುರು ಒಪ್ಪಿಕೊಳ್ಳುವುದಿಲ್ಲ. ಗೋಡೆ ಗಡಿಯಾರ, ರೇಡಿಯೋ, ಸೀಮೆಎಣ್ಣೆ ಸ್ಟವ್ವು, ಹೆಂಡತಿಯ ಹೊಲಿಗೆ ಮಿಷನ್ನು, ಹೀಗೆ ನನ್ನ ಸ್ಕ್ರೂಡ್ರೈವರಿಗೆ ಎದೆಯೊಡ್ಡದ ವಸ್ತು ನಮ್ಮ ಮನೆಯಲ್ಲಿ ಇಲ್ಲ. ಬಿಚ್ಚುವಾಗ ನನ್ನ ಕೈ ಎಷ್ಟು ಚುರುಕು ಅಂತೀರಿ! ಜೋಡಿಸುವಾಗ ಮಾತ್ರ ಏನೋ ಒಂದು ಹೆಚ್ಚುವರಿಯಾಗಿ ಉಳಿದುಬಿಡುತ್ತದೆ. ಒಂದು ಸ್ಕ್ರೂ, ಒಂದು ವಾಷರ್, ಒಮ್ಮೊಮ್ಮೆ ಹೆಸರೇ ಗೊತ್ತಿಲ್ಲದ ಒಂದು ಕೊಕ್ಕೆ. ಇವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡಿದ್ದೇನೆ. "ಈ ಡಬ್ಬದಾಗಿರೋದನ್ನೆಲ್ಲ ಸೇರಿಸಿದ್ರೆ ಇನ್ನೊಂದು ಸಂಸಾರಕ್ಕೆ ಆಗೋವಷ್ಟು ಸಾಮಾನು ಆಗ್ತೈತೆ ಕಣ್ರೀ" ಎನ್ನುತ್ತಾಳೆ ನನ್ನ ಹೆಂಡತಿ ಜಯ. ಹೊಲಿಗೆ ಮಿಷನ್ನಿಗೆ ನಾನು ಕೈಹಾಕಿದ ಮೇಲೆ ಅದು ಮುಂದಕ್ಕೆ ಹೊಲಿಯುವುದನ್ನು ಬಿಟ್ಟು ಹಿಂದಕ್ಕೆ ಹೊಲಿಯತೊಡಗಿತು. ಅವತ್ತಿನಿಂದ ಮಿಷನ್ನನ್ನಾಗಲಿ, ಅದರ ಖಾನೆಯಲ್ಲಿರುವ ಸೂಜಿ, ದಾರ, ಎಣ್ಣೆ ಬುಡ್ಡಿಯನ್ನಾಗಲಿ ನಾನು ಮುಟ್ಟಕೂಡದು ಎಂದು ಆಜ್ಞೆಯಾಯಿತು. ಈ ಆಜ್ಞೆಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅಲ್ಲಿಂದಲೇ.

ನಾನು ಆಗ ಕೆ. ಹೊಸಕೋಟೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಯಾರು ಯಾವ ಕಡೆ ಹೋಗಬೇಕೆಂದು ಹೇಳುವುದು, ಸಂಜೆ ಕುಯ್ದ ಕಾಫಿಹಣ್ಣು ಅಳೆಯುವುದು, ಇದಿಷ್ಟು ಕೆಲಸ. ಎಸ್ಟೇಟಿನ ಬೇಲಿಗೆ ತಗುಲಿಕೊಂಡಂತೆ ನಮ್ಮದೇ ಒಂದು ಮನೆ, ಹಿಂದೆ ಎರಡೆಕರೆ ಕಾಫಿ. ನಮ್ಮ ಮ್ಯಾನೇಜರು ನಿವೃತ್ತರಾಗಿ ಬಂಗಲೆ ಖಾಲಿ ಮಾಡುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಮಾನು ಕೊಟ್ಟರು. ಡ್ರೈವರನಿಗೆ ಬೆತ್ತದ ಕುರ್ಚಿ, ಅಡುಗೆಯವನಿಗೆ ಕುಕ್ಕರ್. ನನ್ನನ್ನು ಕರೆದು ಬೀರುವಿನ ಹಿಂದಿನಿಂದ ಒಂದು ಕೋವಿ ತೆಗೆದು ಕೈಗಿಟ್ಟರು. ನಿಜವಾದ ಕೋವಿಯಲ್ಲ. ಅವರು ಯಾವುದೋ ಕಾಲದಲ್ಲಿ ಹೊರದೇಶಕ್ಕೆ ಹೋದಾಗ ತಂದ ಆಟದ ರೈಫಲ್. ಬಟಾಣಿ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರಿಸುವಂಥದ್ದು. ಭಾನುವಾರ ಬಂಗಲೆಯ ಜಗಲಿಯಲ್ಲಿ ಕೂತು ಖಾಲಿ ಡಬ್ಬಗಳಿಗೆ ಹೊಡೆಯುವುದು ಅವರ ಮನರಂಜನೆಯಾಗಿತ್ತು. ಆದರೆ ನೋಡಲು ಅಪ್ಪಟ ಕೋವಿ. ನನ್ನ ಎದೆಮಟ್ಟದ ಉದ್ದ, ಕಪ್ಪು ನಳಿಗೆ, ಪಕ್ಕದಲ್ಲಿ ಚಿಲಕದ ಹಾಗೆ ಒಂದು ಬೋಲ್ಟು. ಬೋಲ್ಟನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಒಳಗೆ ಸ್ಪ್ರಿಂಗು ಮುದುಡಿಕೊಂಡು "ಕ್ಳಕ್" ಎಂದು ಹಿಡಿದುಕೊಳ್ಳುತ್ತದೆ. ಮುಂದಕ್ಕೆ ನೂಕಿ ಟ್ರಿಗರ್ ಒತ್ತಿದರೆ ಸ್ಪ್ರಿಂಗು ಪಿಸ್ಟನ್ನನ್ನು ದಬ್ಬಿ, ಪಿಸ್ಟನ್ನು ಗಾಳಿಯನ್ನು ದಬ್ಬಿ, ಗಾಳಿ ಗುಂಡನ್ನು ದಬ್ಬುತ್ತದೆ. ನಮ್ಮ ಎಸ್ಟೇಟಿನ ಆಡಳಿತವೂ ಹೀಗೇ ನಡೆಯುತ್ತಿದ್ದುದರಿಂದ ನನಗೆ ತಕ್ಷಣ ಅರ್ಥವಾಯಿತು. "ವರ್ಷಕ್ಕೆ ಎರಡೇ ಹನಿ ಎಣ್ಣೆ, ರೈಟ್ರೇ. ಮಿಷನ್ ಎಣ್ಣೆ" ಎಂದು ಮ್ಯಾನೇಜರು ಹೇಳಿದರಂತೆ. ಅಂತೆ ಎಂದೆ, ಏಕೆಂದರೆ ಆಗ ನಾನು ನಳಿಗೆ ಸವರುತ್ತಿದ್ದೆ. ಅರ್ಧ ಕಿವಿ ಮಾತ್ರ ನನ್ನ ಹತ್ತಿರ ಇತ್ತು.

ನನಗೆ ಕೋವಿಯ ಮೇಲೆ ಇಷ್ಟು ಆಸೆ ಏಕೆ ಎನ್ನುವುದಕ್ಕೆ ನನ್ನ ಮದುವೆಯ ವಿಷಯ ಹೇಳಬೇಕು. ಜಯಳ ತವರು ದೋಣಿಗಲ್. ಆ ಮನೆಯಲ್ಲಿ ಹಿಂದೆ ಗಂಡಸರೆಲ್ಲ ಬೇಟೆಗಾರರು. ಕಾನೂನು ಬಂದು ಬೇಟೆ ನಿಂತು ಎಷ್ಟೋ ಕಾಲವಾಗಿತ್ತು, ಬೇಟೆಯ ಮಾತು ಮಾತ್ರ ನಿಂತಿರಲಿಲ್ಲ. ಹಿಂದಿನ ಕಾಲದಲ್ಲಿ ಯಾರೇ ಕಾಡಿನಿಂದ ಬೇಟೆ ಹೊತ್ತು ಬಂದರೂ ಹೆಂಗಸರು ಒಲೆ ಮುಂದಿನಿಂದಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಓಡ್ತಿತ್ತೋ, ಕೂತಿತ್ತೋ?" ಓಡುವುದಕ್ಕೆ ಹೊಡೆದವನಿಗೆ ಮರ್ಯಾದೆಯೇ ಬೇರೆ. ಹೊಡೆದವನಿಗೆ ಎಲ್ಲರ ಪಾಲಿಗಿಂತ ಮೊದಲು ಒಂದು ಪಾಲು ತೆಗೆದಿಡುವುದೂ ಅವರ ಪದ್ಧತಿ. ಇಂಥ ಮನೆಗೆ ನಾನು ಅಳಿಯನಾಗಿ ಹೋದೆ. ಮದುವೆಯಾದ ಮೂರನೇ ದಿನ ಭಾವಮೈದುನರು ಅಂಗಳದ ಆಚೆ ಒಂದು ಮಡಕೆ ಇಟ್ಟು, ಮಾವನ ಲೈಸೆನ್ಸು ಕೋವಿಯನ್ನು ನನ್ನ ಹೆಗಲಿಗಿಟ್ಟು, "ಹೊಡೀರಿ ಭಾವ" ಎಂದರು. ಹೊಡೆದೆ. ಢಂ ಎಂದದ್ದೊಂದು ಗೊತ್ತು. ಕಣ್ಣು ಬಿಟ್ಟಾಗ ನಾನು ಹಿಂದಿದ್ದ ಸಗಣಿ ಗುಂಡಿಯಲ್ಲಿ ಕೂತಿದ್ದೆ. ಮಡಕೆ ಇದ್ದಲ್ಲೇ ಇತ್ತು. ನಮ್ಮ ಅತ್ತೆ ಬಾಗಿಲಿಗೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು, "ಓಡ್ತಿತ್ತೋ ಕೂತಿತ್ತೋ ಅಂತ ಕೇಳೋಂಗೇ ಇಲ್ಲ ಬುಡಿ, ಅಳಿಯಂದ್ರೇ ಕೂತ್ಬುಟ್ರು" ಎಂದರು. ಅತ್ತೆಯ ನಗುವಿನಲ್ಲಿ ವಿಷ ಇರಲಿಲ್ಲ. ಅವರು ಅವತ್ತು ತಾವೇ ಬಿಸಿನೀರು ತೋಡಿಕೊಟ್ಟು, ಮಾವನ ಹೊಸ ಪಂಚೆ ಉಡಲು ಕೊಟ್ಟರು. ಆದರೂ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಪ್ಲಾಸ್ಟಿಕ್ ಗುಂಡಿನದಾದರೇನು, ಒದೆಯದ ಕೋವಿ ಕೈಗೆ ಸಿಕ್ಕಿದ್ದು ನನಗೆ ದೇವರು ಕೊಟ್ಟ ಎರಡನೇ ಅವಕಾಶ ಎನ್ನಿಸಿತು.

ಕೋವಿ ಮನೆಗೆ ಬಂದದ್ದೇ ಸುತ್ತಮುತ್ತ ನನ್ನ ನಡಿಗೆ ಬದಲಾಗಿದೆ ಎಂದು ಜನ ಮಾತಾಡಿಕೊಂಡರಂತೆ. ಅಷ್ಟರಲ್ಲಿ ಯಾವುದೋ ಚುನಾವಣೆ ಬಂತು. ನಮ್ಮ ಕಡೆ ಚುನಾವಣೆ ಬಂದರೆ ಕೋವಿ ಇರುವವರೆಲ್ಲ ತಂತಮ್ಮ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಟ್ಟು ಬರಬೇಕು. ಪಕ್ಕದ ಮನೆಯವರು, "ರೈಟ್ರೇ, ನಿಮ್ದೂ ಇಟ್ಬುಡಿ, ಆಮೇಲೆ ತಾಪತ್ರಯ" ಎಂದರು. ಆಟದ ಕೋವಿ ಎಂದು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ನಳಿಗೆ ಕಂಡು ಎರಡು ಸೀಟು ಖಾಲಿ ಮಾಡಿಕೊಟ್ಟರು. ಠಾಣೆಯಲ್ಲಿ ಹತ್ತಾರು ಪ್ಲಾಂಟರುಗಳ ಸಾಲಿನಲ್ಲಿ ಎದೆಯುಬ್ಬಿಸಿ ನಿಂತೆ. ನನ್ನ ಸರದಿ ಬಂದಾಗ ಪೇದೆ ಕೋವಿ ಎತ್ತಿ ತೂಕ ನೋಡಿದ, ಬೋಲ್ಟು ಎಳೆದ, ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು "ಟಪ್" ಅನ್ನಿಸಿದ. ಗುಂಡು ಪುಟಿದು ಮೇಜಿನ ಮೇಲಿದ್ದ ಟೀ ಲೋಟಕ್ಕೆ ಬಿತ್ತು. ಇಡೀ ಸಾಲು ನಕ್ಕಿತು. "ಇದನ್ನ ಮಡಿಕ್ಕಂಡು ನಾವೇನ್ ಮಾಡಣ ಸ್ವಾಮಿ? ತಗಂಡೋಗಿ ಕೋತಿ ಓಡ್ಸಿ" ಎಂದು ಪೇದೆ ಪ್ರೀತಿಯಿಂದಲೇ ವಾಪಸು ಕೊಟ್ಟ. ನಾನು ತಲೆತಗ್ಗಿಸಿಕೊಂಡು ಬಂದೆ. ಬರುವಾಗ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ.

ಆದರೆ ಪೇದೆಯ ಬಾಯಲ್ಲಿ ಸತ್ಯವೇ ಬಂದಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಕೋತಿ ಓಡಿಸುವ ಕೆಲಸ ನಿಜವಾಗಿಯೂ ಬಂದು ಕೂತಿತು. ಜಯ ಮದುವೆಯಾಗಿ ಬರುವಾಗ ತವರಿನಿಂದ ಒಂದು ಕಿತ್ತಳೆ ಸಸಿ ತಂದಿದ್ದಳು. ದೋಣಿಗಲ್ಲಿನ ಅವರ ಮನೆ ಹಿಂದಿನ ಮರದ ಬೀಜದಿಂದ ಎದ್ದ ಸಸಿ. ಹಿತ್ತಿಲಲ್ಲಿ ನೆಟ್ಟು ಒಂಬತ್ತು ವರ್ಷ ಗೊಬ್ಬರ ಹಾಕಿದಳು. ಅದು ಎಲೆ ಬಿಟ್ಟಿತು, ಮುಳ್ಳು ಬಿಟ್ಟಿತು, ಹಣ್ಣು ಬಿಡಲಿಲ್ಲ. ಅಷ್ಟರಲ್ಲಿ ದೋಣಿಗಲ್ಲಿನ ತಾಯಿಮರಕ್ಕೆ ರೋಗ ಬಿದ್ದು ಅದು ಒಣಗಿಹೋಯಿತು. ಅತ್ತೆಗೂ ವಯಸ್ಸಾಗಿತ್ತು. ಜ್ವರ ಬಂದು ಎದ್ದ ಮೇಲೆ ಬಾಯಿರುಚಿ ಕೆಟ್ಟು ಊಟ ಸೇರುತ್ತಿರಲಿಲ್ಲ. ಮಗಳ ಕೈ ಹಿಡಿದುಕೊಂಡು, "ಆ ಮರದ್ದು ಒಂದು ತೊಳೆ ಬಾಯಿಗೆ ಬಿದ್ದಿದ್ರೆ ಅನ್ನ ಇಳೀತಿತ್ತು ಕಣವ್ವ" ಎಂದಿದ್ದರು. ಆ ವರ್ಷವೇ ನಮ್ಮ ಹಿತ್ತಿಲ ಮರ ಮೊದಲ ಸಲ ಕಾಯಿ ಹಿಡಿಯಿತು. ಇಪ್ಪತ್ಮೂರು ಕಾಯಿ. ಜಯ ದಿನಾ ಸಂಜೆ ದೀಪ ಹಚ್ಚುವ ಮೊದಲು ಹಿತ್ತಿಲಿಗೆ ಹೋಗಿ ಬೆರಳು ಮಡಿಸಿ ಎಣಿಸಿ ಬರುತ್ತಿದ್ದಳು. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಈ ಹಣ್ಣು ಅವ್ವನ ಮಡಿಲಿಗೆ ಹಾಕಬೇಕೆಂಬುದು ಅವಳ ಆಸೆ. ಬೇರೆ ಏನನ್ನೂ ಅವಳು ನನ್ನ ಹತ್ತಿರ ಕೇಳಿದವಳಲ್ಲ. ಇದನ್ನೂ ಕೇಳಲಿಲ್ಲ, ಆದರೆ ನನಗೆ ಗೊತ್ತಿತ್ತು.

ನಮಗೆ ಗೊತ್ತಾದದ್ದು ಕೋತಿಗಳಿಗೂ ಗೊತ್ತಾಯಿತು. ದಿನಾ ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಒಂದು ಹಿಂಡು ಕಾಫಿಯ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಮೇಲಿಂದ ಇಳಿದು, ಹಾಜರಿಗೆ ಬಂದ ಆಳುಗಳ ಹಾಗೆ ಸಾಲಾಗಿ ಬೇಲಿಯ ಮೇಲೆ ಕೂರುತ್ತಿತ್ತು. ಆ ಹೊತ್ತಿಗೆ ಜಯ ಹಾಲು ಕರೆಯುವುದು, ಒಲೆ ಮುಂದೆ ನಿಲ್ಲುವುದು. ಹಾಗಾಗಿ ಬೆಳಗಿನ ಪಾಳಿ ನನ್ನದು ಎಂದು ನಾನೇ ಕೋವಿ ಹಿಡಿದು ಘೋಷಿಸಿದೆ. "ಆಂಜನೇಯಸ್ವಾಮಿ ಮೇಲೆ ಗುಂಡು ಹಾರಿಸ್ಬ್ಯಾಡಿ, ಪಾಪ ಸುತ್ಕೊಂತೈತೆ" ಎಂದಳು ಜಯ. ಅದಕ್ಕೂ ಉಪಾಯ ಮಾಡಿದೆ. ಕಿತ್ತಳೆ ಮರದ ಪಕ್ಕದ ಸಿಲ್ವರ್ ಮರಕ್ಕೆ ಒಂದು ಖಾಲಿ ಎಣ್ಣೆ ಡಬ್ಬ ನೇತುಹಾಕಿದೆ. ಡಬ್ಬಕ್ಕೆ ಗುಂಡು ಹೊಡೆದರೆ "ಠಣ್!" ಸದ್ದಿಗೆ ಕೋತಿ ಪರಾರಿ. ಅಹಿಂಸೆಗೆ ಅಹಿಂಸೆ, ಬೇಟೆಗೆ ಬೇಟೆ. ಜಯ ಡಬ್ಬವನ್ನೂ ಕೋವಿಯನ್ನೂ ನನ್ನನ್ನೂ ಒಮ್ಮೆ ನೋಡಿ, "ಒಂದು ಕೋಲು ತಗಂಡು ಬಡಿದ್ರೆ ಆಗಾಕಿಲ್ವಾ?" ಎಂದಳು. ಎಂಥ ಮಾತು! ಮನೆಯಲ್ಲಿ ರೈಫಲ್ ಇಟ್ಟುಕೊಂಡು ಗಂಡಸು ಕೋಲಿನಿಂದ ಡಬ್ಬ ಬಡಿಯುವುದೇ? ಮರುದಿನದಿಂದಲೇ ಠಣ್, ಠಣ್ ಎಂದು ನನ್ನ ಕಾರುಬಾರು ಶುರುವಾಯಿತು. ಹತ್ತಕ್ಕೆ ನಾಲ್ಕು ಸಲ ಡಬ್ಬಕ್ಕೆ ತಾಗುತ್ತಿತ್ತು, ಅಷ್ಟು ಸಾಕಾಗುತ್ತಿತ್ತು. ಇಪ್ಪತ್ಮೂರು ಕಾಯಿ ಇಪ್ಪತ್ಮೂರಾಗಿಯೇ ಉಳಿದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಸ್ಟೇಟಿನಲ್ಲಿ ಅದು ದೊಡ್ಡ ಹಬ್ಬ. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಹಿಡಿದು ಜೀಪು, ಸ್ಪ್ರೇಯರು, ಮರದ ಕೊಂಬೆ ಸವರುವ ಕತ್ತಿಯವರೆಗೆ ಎಲ್ಲಕ್ಕೂ ತೊಳೆದು ಎಣ್ಣೆ ಸವರಿ ಕುಂಕುಮ. ಮನೆಯಲ್ಲೂ ನಾನು ಕುಡುಗೋಲು, ಗುದ್ದಲಿ, ನನ್ನ ಮೊಪೆಡ್ಡು ಎಲ್ಲವನ್ನೂ ಸಾಲಾಗಿ ಇಟ್ಟು, ನಡುವೆ ಪೀಠದ ಮೇಲೆ ಕೋವಿಯನ್ನು ಇಟ್ಟೆ. ಇಡುವ ಮೊದಲು ಅದಕ್ಕೂ ಒಳಗೂ ಹೊರಗೂ ಧಾರಾಳವಾಗಿ ಎಣ್ಣೆ ಹಾಕಿದೆ. ಎರಡು ಹನಿ ಹಾಕುವುದು ಯಾವ ನ್ಯಾಯ? ಹಬ್ಬದ ದಿನ ನಾವೇ ಅಭ್ಯಂಜನ ಮಾಡಿಕೊಳ್ಳುತ್ತೇವೆ, ಅದಕ್ಕೆ ಜಿಪುಣತನವೇ? ಎಣ್ಣೆ ಕುಡಿದ ಕೋವಿ ಹೇಗೆ ಹೊಳೆಯಿತೆಂದರೆ ಜಯಳೇ ಅದಕ್ಕೊಂದು ಸೇವಂತಿಗೆ ಮುಡಿಸಿದಳು. ಪೂಜೆ ಆದ ಮೇಲೂ ಮೂರ್ನಾಲ್ಕು ವಾರ ಅದು ಬೆಣ್ಣೆಯಂತೆ ಕೆಲಸ ಮಾಡಿತು.

ಗ್ರಹಚಾರ ಕೆಟ್ಟದ್ದು ಕಾಫಿ ಕುಯ್ಲು ಶುರುವಾಗಿ ಚಳಿ ಬಿದ್ದ ಮೇಲೆ. ಒಂದು ಬೆಳಿಗ್ಗೆ ಕೋತಿಗಳು ಬಂದವು. ನಾನು ಠೀವಿಯಿಂದ ಬೋಲ್ಟು ಎಳೆದೆ. ಅದು ಹಠ ಹಿಡಿದ ಎತ್ತಿನ ಹಾಗೆ ನಿಧಾನ ಬಂತು. ಟ್ರಿಗರ್ ಒತ್ತಿದೆ. "ಪುಸ್" ಎಂದಿತು. ಗುಂಡು ನಳಿಗೆಯ ತುದಿಗೆ ಬಂದು, ಹೊರಗೆ ಒಮ್ಮೆ ಇಣುಕಿ, ನನ್ನ ಚಪ್ಪಲಿಯ ಮೇಲೆ ಬಿತ್ತು. ಬೇಲಿಯ ಮೇಲಿದ್ದ ಹಿರಿಯ ಗಡವ ಕೋತಿ ತೊಡೆ ಕೆರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ಇನ್ನೊಮ್ಮೆ ಎಳೆದೆ. ಪುಸ್. ಅದು ಸಾವಧಾನವಾಗಿ ಎದ್ದು, ಮರ ಹತ್ತಿ, ಒಂದು ಕಿತ್ತಳೆ ಕಿತ್ತು, ನನ್ನ ಎದುರೇ ಸಿಪ್ಪೆ ಸುಲಿದು ತಿಂದಿತು. ಆ ದಿನ ಆರು ಹೋದವು. ಸಂಜೆ ಕೆಲಸ ಮುಗಿಸಿ ಬಂದು, ಬಿಚ್ಚುವ ಮೊದಲು ಒಮ್ಮೆ ನೋಡೋಣವೆಂದು ಟ್ರಿಗರ್ ಒತ್ತಿದರೆ, "ಟಪ್!" ಡಬ್ಬ ಠಣ್ ಎಂದಿತು. "ಸರಿ ಐತಲ್ರೀ" ಎಂದಳು ಜಯ. ಮರುದಿನ ಬೆಳಿಗ್ಗೆ ಮತ್ತೆ ಪುಸ್.

ಇಂಥ ರೋಗ ನಾನು ಕಂಡಿರಲಿಲ್ಲ. ಬೆಳಿಗ್ಗೆ ಕೆಟ್ಟಿರುತ್ತದೆ, ಹೊತ್ತೇರಿದ ಮೇಲೆ ಸರಿಯಾಗುತ್ತದೆ. "ಹೊತ್ತೇರಿದ ಮ್ಯಾಲೆ ಏಳೋರು ಈ ಮನೆಯಾಗೆ ನೀವೊಬ್ರೇ ಅಂದ್ಕಂಡಿದ್ದೆ" ಎಂದಳು ಜಯ. ನಾನು ಮೊದಲು ಅನುಮಾನಪಟ್ಟದ್ದು ಗುಂಡುಗಳನ್ನು. ಮಂಜಿಗೆ ಊದಿಕೊಂಡಿವೆಯೇನೋ ಎಂದು ಎಲ್ಲವನ್ನೂ ಸೋಪಿನಲ್ಲಿ ತೊಳೆದು ಕಾಫಿಕಣದಲ್ಲಿ ಒಣಗಿಸಿದೆ. ಕೋಳಿಗಳು ಅರ್ಧ ಹೆಕ್ಕಿಕೊಂಡವು. ಗುಂಡು ಕಡಿಮೆಯಾದಾಗ ನನ್ನ ಕಣ್ಣಿಗೆ ಬಿದ್ದದ್ದು ಮನೆಯ ಕಾಳುಮೆಣಸು. ಅದೇ ದುಂಡು, ಹೆಚ್ಚುಕಡಿಮೆ ಅದೇ ಗಾತ್ರ, ನಮ್ಮ ತೋಟದ್ದೇ ಬೆಳೆ. ಈ ಬುದ್ಧಿ ಇಷ್ಟು ದಿನ ಎಲ್ಲಿಗೆ ಹೋಗಿತ್ತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ದಪ್ಪ ಕಾಳು ಆರಿಸಿ ತುಂಬಿದೆ. ಬೋಲ್ಟು ನೂಕುವಾಗ ಒಳಗೆ ಕರಕರ ಎಂದಿತು. ಒತ್ತಿದೆ. ಗುಂಡಿನ ಬದಲು ಮೆಣಸಿನ ಪುಡಿ ಒಂದು ಮೋಡದ ಹಾಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಲೆಕ್ಕವಿಲ್ಲದಷ್ಟು ಸೀನಿದೆ. ಆ ದಿನ ಕೋತಿಗಳು ಓಡಿದವು, ಆದರೆ ಅದು ನನ್ನ ಸೀನಿಗೆ. ದಿನಾ ಹಾಗೆ ಸೀನುವುದು ಸಾಧ್ಯವಿರಲಿಲ್ಲ. ಆಮೇಲೆ ಇಬ್ಬನಿಯ ಕಾಟವಿರಬೇಕೆಂದು ಕೋವಿಗೆ ನನ್ನ ಕಂಬಳಿ ಹೊದಿಸಿ ಮಲಗಿಸಿದೆ. ನನಗೆ ನೆಗಡಿಯಾಯಿತು, ಕೋವಿ ಏಳಲಿಲ್ಲ. ಇಷ್ಟರಲ್ಲಿ ಇಪ್ಪತ್ಮೂರು ಒಂಬತ್ತಕ್ಕೆ ಇಳಿದಿತ್ತು.

ಕೊನೆಗೆ, ಇದು ಪಿಸ್ಟನ್ನಿನ ವಾಷರ್ ಸವೆದದ್ದೇ ಎಂದು ತೀರ್ಮಾನಿಸಿ, ನಾನೇ ಬಿಚ್ಚಿದರೆ ಇದೂ ಬಿಸ್ಕತ್ತಿನ ಡಬ್ಬ ಸೇರೀತೆಂದು ಹೆದರಿ, ಆನೇಮಹಲ್ಲಿನ ಲಕ್ಕಣ್ಣನ ಹತ್ತಿರ ಹೋದೆ. ಲಕ್ಕಣ್ಣ ಪಲ್ಪರ್ ಫಿಟ್ಟರು. ಸುತ್ತಿನ ಎಸ್ಟೇಟುಗಳ ಯಾವ ಪಲ್ಪರ್ ಕೆಟ್ಟರೂ ಅವನೇ ಬರಬೇಕು. ಸ್ಕ್ರೂಡ್ರೈವರಿನ ಒಂದು ತುದಿ ಮಿಷನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು, ಕಣ್ಣುಮುಚ್ಚಿ ಕೇಳಿ, ಇಂಥದೇ ರೋಗ ಎಂದು ಹೇಳುವ ವೈದ್ಯ. ಭಾನುವಾರ ಗೋಣಿಚೀಲ ಹೊತ್ತು ಎರಡು ಬಸ್ಸು ಬದಲಾಯಿಸಿ ಅವನ ಶೆಡ್ಡು ತಲುಪುವಾಗ ಮಟಮಟ ಮಧ್ಯಾಹ್ನ. ಲಕ್ಕಣ್ಣ ಕೋವಿ ತೆಗೆದುಕೊಂಡು ಬೋಲ್ಟು ಎಳೆದು ಒತ್ತಿದ. ಟಪ್! ಗುಂಡು ಹೆದ್ದಾರಿ ದಾಟಿ ಹೋಯಿತು. ಇನ್ನೊಮ್ಮೆ, ಟಪ್! "ಏನಾಗೈತೆ ರೈಟ್ರೇ ಇದಕ್ಕೆ? ಕಲ್ಲಿದ್ದಂಗೈತಲ್ಲ." ಬೆಳಿಗ್ಗೆ ಹೊಡೆಯುವುದಿಲ್ಲ ಮಾರಾಯ, ಎಂದೆ. ಅವನು ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಆಮೇಲೆ ಅದೇ ಸ್ಕ್ರೂಡ್ರೈವರನ್ನು ನನ್ನ ಕಡೆ ತೋರಿಸಿ, "ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿ ಹೋಗಾದು ಮಿಷನ್ ಅಲ್ಲ ರೈಟ್ರೇ, ಮನುಸ. ರಾತ್ರಿ ಏನಾರ ಕುಡೀತೀರಾ?" ಎಂದ. ನಾನು ಕಾಫಿ ಬಿಟ್ಟು ಬೇರೆ ಮುಟ್ಟುವವನಲ್ಲ ಎಂದು ಆಣೆ ಮಾಡಿದೆ. ಶೆಡ್ಡಿನಲ್ಲಿದ್ದವರೆಲ್ಲ ನನ್ನನ್ನು ಅನುಕಂಪದಿಂದ ನೋಡಿದರು.

ಮುಂದಿನ ವಾರ ಒಂಬತ್ತು ನಾಲ್ಕಾಯಿತು. ಸಂಕ್ರಾಂತಿಗೆ ಇನ್ನೊಂದು ವಾರ ಇದೆ ಎನ್ನುವಾಗ ಒಂದಾಯಿತು. ಮರದ ನೆತ್ತಿಯಲ್ಲಿ, ಎಲೆ ಮರೆಯಲ್ಲಿ, ಹಳದಿಗೆ ತಿರುಗಿದ ಒಂದೇ ಒಂದು. ಅದುವರೆಗೆ ಗೇಲಿ ಮಾಡುತ್ತಿದ್ದ ಜಯ ಆ ಸಂಜೆ ಎಣಿಸಲು ಹೋದವಳು ಎಣಿಸುವುದಕ್ಕೇನೂ ಇಲ್ಲದೆ ಸುಮ್ಮನೆ ನಿಂತಿದ್ದಳು. ಒಳಗೆ ಬಂದು, "ನಮ್ಮವ್ವಂಗೆ ಏನಂತ ಹೇಳ್ಲಿ? ಕಾಯಿ ಬಿಟ್ಟೈತೆ ಅಂತ ಎಸ್‌ಟಿಡಿ ಬೂತಿಗೆ ಹೋಗಿ ಫೋನ್ ಮಾಡಿ ಹೇಳ್ಬುಟ್ಟಿದ್ದೀನಿ. ದಿನಾ ಕಾಯ್ಕಂಡು ಕೂತೈತೆ ಜೀವ" ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಯ್ಯಲಿಲ್ಲ. ಒಂಬತ್ತು ವರ್ಷ ಅವಳು ಹೊತ್ತು ಹಾಕಿದ ಗೊಬ್ಬರ, ನಾನು ಒಂದು ಕೋಲು ಎತ್ತಿಕೊಳ್ಳಲು ನಾಚಿಕೊಂಡದ್ದಕ್ಕೆ ಕೋತಿಯ ಹೊಟ್ಟೆ ಸೇರಿತ್ತು. ಮರುದಿನದಿಂದ ಅವಳೇ ಹಾಲಿನ ತಂಬಿಗೆ ಪಕ್ಕಕ್ಕಿಟ್ಟು ಬಂದು ಕೋಲಿನಿಂದ ಡಬ್ಬ ಬಡಿದಳು. ಕೋತಿಗಳು ಓಡಿದವು. ಅಷ್ಟೇ ಇದ್ದದ್ದು ಕೆಲಸ.

ಸಂಕ್ರಾಂತಿಗೆ ನಾಲ್ಕು ದಿನವಿದೆ ಎನ್ನುವಾಗ ನಮ್ಮ ಎಸ್ಟೇಟಿನ ಪಲ್ಪರ್ ಕೆಟ್ಟು, ಲಕ್ಕಣ್ಣ ಮೊದಲ ಬಸ್ಸಿಗೇ ಬಂದ. ಕೆಲಸಕ್ಕೆ ಹೋಗುವ ಮೊದಲು ಕಾಫಿಗೆಂದು ನಮ್ಮ ಮನೆಗೆ ನುಗ್ಗಿ, "ತನ್ನಿ ನಿಮ್ಮ ಪೇಷಂಟನ್ನ, ಬೆಳಿಗ್ಗೆನೇ ಬಂದಿವ್ನಿ" ಎಂದ. ಎಳೆದ. ಪುಸ್. ಲಕ್ಕಣ್ಣನ ಮುಖದ ನಗು ಹೋಯಿತು. ಹಜಾರದಲ್ಲಿ ಗೋಣಿ ಹಾಸಿ ನಾಲ್ಕು ಸ್ಕ್ರೂ ತೆಗೆದು ಪಿಸ್ಟನ್ನನ್ನು ಹೊರಗೆಳೆದ. ಅದು ಬಂತು, ಮೈತುಂಬ ಬೆಳ್ಳಗೆ ಏನೋ ಮೆತ್ತಿಕೊಂಡು, ಹಬ್ಬಕ್ಕೆ ಸುಣ್ಣ ಬಳಿದ ಕಂಬದ ಹಾಗೆ. "ಇದ್ಯಾವ ಜಾತಿ ಗ್ರೀಸ್ ರೈಟ್ರೇ?" ಎಂದು ಅವನು ಬೆರಳಿನಲ್ಲಿ ತೀಡಿ ನೋಡುತ್ತಿದ್ದ. ಅಷ್ಟರಲ್ಲಿ ಜಯ ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆಯ ಶೀಸೆಯನ್ನು ಬಚ್ಚಲೊಲೆಯ ಮುಂದೆ ಕರಗಲು ಇಟ್ಟು ಬಂದವಳು ಬಗ್ಗಿ ನೋಡಿದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು. "ಇದೇನ್ರೀ, ಇದರಾಗೆ ನನ್ನ ತಲೆ ವಾಸನೆ ಬರ್ತೈತಲ್ಲ!"

ನಾನು ಮೇಲೆ ಹಂಚಿನ ಕಡೆ ನೋಡಿದೆ. ಹೌದು, ಆಯುಧಪೂಜೆಯ ದಿನ ಧಾರಾಳವಾಗಿ ಸುರಿದದ್ದು ಕೊಬ್ಬರಿ ಎಣ್ಣೆ. ಮಿಷನ್ ಎಣ್ಣೆ ಇದ್ದದ್ದು ಹೊಲಿಗೆ ಮಿಷನ್ನಿನ ಖಾನೆಯಲ್ಲಿ. ಆ ಖಾನೆಗೆ ಕೈಹಾಕಕೂಡದೆಂದು ನನಗೆ ಆಜ್ಞೆಯಾಗಿತ್ತು. ಕೇಳಿ ಪಡೆಯಲು ಸ್ವಾಭಿಮಾನ ಅಡ್ಡ ಬಂತು. ಗೂಡಿನಲ್ಲಿದ್ದ ಶೀಸೆ ಕೈಗೆ ಸಿಕ್ಕಿತು. ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಆ ಶೀಸೆಯನ್ನು ಒಲೆಯ ಮುಂದೆ ಇಡುವುದನ್ನು ಒಂಬತ್ತು ವರ್ಷದಿಂದ ನೋಡುತ್ತಿದ್ದೆ. ಎಷ್ಟೋ ದಿನ ನಾನೇ ಇಟ್ಟಿದ್ದೆ. ಶೀಸೆಯೊಳಗೆ ಹೆಪ್ಪುಗಟ್ಟುವ ಎಣ್ಣೆ ಕೋವಿಯೊಳಗೂ ಹೆಪ್ಪುಗಟ್ಟುತ್ತದೆ ಎಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ. ಲಕ್ಕಣ್ಣ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲಾ ರೈಟ್ರೇ, ಬಿಸ್ಲು ಬಿದ್ದ ಮ್ಯಾಲೆ ಕರಗ್ತಿತ್ತು, ಅದಕ್ಕೇ ಏಳ್ತಿತ್ತು. ಇದಕ್ಕೆ ಜಡೆ ಒಂದು ಹೆಣೆದಿದ್ರೆ ಸರಿಯಾಗಿರ್ತಿತ್ತು!" ಜಯ ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ಆ ಸಂಜೆಯ ನಂತರ ಅವಳು ನಕ್ಕದ್ದು ಅದೇ ಮೊದಲು. ನನ್ನ ಮಾನ ಹೋದರೂ ಹೋಗಲಿ ಅನ್ನಿಸಿತು. ಲಕ್ಕಣ್ಣ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ. ಜಯ ತಾನಾಗಿ ಹೋಗಿ ಖಾನೆ ತೆಗೆದು ಮಿಷನ್ ಎಣ್ಣೆ ತಂದು, ನನ್ನ ಕೈಗೆ ಕೊಡದೆ ಅವನ ಕೈಗೆ ಕೊಟ್ಟಳು. ಎರಡು ಹನಿ. ಒಂದು ಸ್ಕ್ರೂ ಕೂಡ ಹೆಚ್ಚಾಗಿ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಮೇಲೆ ಹಿಂಡು ಬಂದು ಕೂತಿತು. ಜಯ ಕೋಲು ತೆಗೆದುಕೊಂಡಳು. "ಬೇಡ, ಇವತ್ತೊಂದು ದಿನ" ಎಂದೆ. ಅವಳು ನನ್ನ ಮುಖ ನೋಡಿ ಕೋಲು ಕೆಳಗಿಟ್ಟಳು. ಬೋಲ್ಟು ಎಳೆದೆ. "ಕ್ಳಕ್." ಆ ಚಳಿಯಲ್ಲೂ ಎಂಥ ಸೊಗಸಾದ ಸದ್ದು! ಡಬ್ಬಕ್ಕೆ ಗುರಿಯಿಟ್ಟು, ಉಸಿರು ಬಿಗಿಹಿಡಿದು ಒತ್ತಿದೆ. ಟಪ್! ಠಣ್ ಎನ್ನಲಿಲ್ಲ. ಬದಲಿಗೆ ಮರದ ನೆತ್ತಿಯಲ್ಲಿ ಎಲೆ ಅಲ್ಲಾಡಿ, ಮೂರು ತಿಂಗಳು ಕೋತಿಗಳ ಕಣ್ಣು ತಪ್ಪಿಸಿ ಉಳಿದಿದ್ದ ಆ ಕಟ್ಟಕಡೆಯ ಕಿತ್ತಳೆ ಕೊಂಬೆಯಿಂದ ಕೊಂಬೆಗೆ ಬಡಿಯುತ್ತ ಬಂದು ನೆಲಕ್ಕೆ ಬಿತ್ತು. ಗಡವ ಕೋತಿ ಹಣ್ಣನ್ನೂ ನನ್ನನ್ನೂ ನೋಡಿತು. ನಾನು ಎತ್ತಿಕೊಳ್ಳುವುದಿರಲಿ, ಕಣ್ಣು ಮಿಟುಕಿಸಲೂ ಆಗದೆ ನಿಂತೆ. ಜಯ ಸೆರಗು ಸಿಕ್ಕಿಸಿ, "ಹಚಾ!" ಎಂದು ಕಿರುಚಿಕೊಂಡು ಓಡಿದಳು. ಕೋತಿಗಿಂತ ಒಂದು ಗೇಣು ಮೊದಲು ಹಣ್ಣು ಅವಳ ಕೈಯಲ್ಲಿತ್ತು. ತೊಟ್ಟಿನ ಪಕ್ಕ ಬಟಾಣಿಯಷ್ಟು ಒಂದು ಗುಳಿ ಬಿದ್ದಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ, ಕೆನ್ನೆಗೆ ಒತ್ತಿಕೊಂಡು, "ಹಣ್ಣಾಗೈತೆ ಕಣ್ರೀ" ಎಂದಳು. ಅವಳ ಕಣ್ಣು ತುಂಬಿತ್ತು.

ಸಂಕ್ರಾಂತಿಗೆ ದೋಣಿಗಲ್ಲಿಗೆ ಹೋದೆವು. ಎಳ್ಳುಬೆಲ್ಲದ ತಟ್ಟೆಯ ನಡುವೆ ಆ ಒಂಟಿ ಹಣ್ಣು. ಅತ್ತೆ ಸೊರಗಿದ್ದರು. ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಮೂಸಿದರು. ಆಮೇಲೆ ಅವರ ಬೆರಳು ಆ ಗುಳಿಯ ಮೇಲೆ ನಿಂತಿತು. "ಇದೇನವ್ವ ಇದು?" ಜಯ ಹೇಳಿಬಿಟ್ಟಳು, ಗಡವ ಕೋತಿಯಿಂದ ಕೊಬ್ಬರಿ ಎಣ್ಣೆಯವರೆಗೆ ಒಂದನ್ನೂ ಬಿಡದೆ. ನಾನು ಅಂಗಳದ ಸಗಣಿ ಗುಂಡಿ ಇನ್ನೂ ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಅತ್ತೆ ಎಲ್ಲವನ್ನೂ ಕೇಳಿ, ನನ್ನ ಕಡೆ ತಿರುಗಿ, ಗಂಭೀರವಾಗಿ ಕೇಳಿದರು, "ಓಡ್ತಿತ್ತೋ ಅಳಿಯಂದ್ರೇ, ಕೂತಿತ್ತೋ?"

"ನೇತಾಡ್ತಿತ್ತು ಅತ್ತೆ" ಎಂದೆ.

ಅತ್ತೆ ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ಸಿಪ್ಪೆ ಸುಲಿದು, ತಾವು ಬಾಯಿಗಿಡುವ ಮೊದಲು ಎರಡು ತೊಳೆ ಬಿಡಿಸಿ ನನ್ನ ಅಂಗೈಗೆ ಇಟ್ಟು, "ಇದು ಹೊಡೆದೋರ ಪಾಲು" ಎಂದರು. ಹುಳಿ ಅಂದರೆ ಹುಳಿ, ನನ್ನ ಕಿವಿಯವರೆಗೆ ಜುಮ್ಮೆಂದಿತು. ಅತ್ತೆ ಕಣ್ಣುಮುಚ್ಚಿಕೊಂಡು ಒಂದೊಂದೇ ತೊಳೆಯನ್ನು ಚೀಪಿ, ಬೀಜಗಳನ್ನು ಮಾತ್ರ ಸೆರಗಿನ ತುದಿಗೆ ಕಟ್ಟಿಕೊಂಡರು. ಆ ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಯುಗಾದಿಗೆ ಮತ್ತೆ ಹೋದಾಗ ಅತ್ತೆ ಚೇತರಿಸಿಕೊಂಡಿದ್ದರು. ಕುಂಡದಲ್ಲಿ ಮೂರು ಕಿತ್ತಳೆ ಸಸಿ ಎದ್ದಿದ್ದವು. ಜಗಲಿಯಲ್ಲಿ ಕೂತಿದ್ದ ನೆಂಟರೊಬ್ಬರು ನನ್ನನ್ನು ಕಂಡು ಎದ್ದು ನಿಂತು, "ಗಾಳೀಲಿ ಹೊಯ್ದಾಡೋ ಕಿತ್ಲೆ ತೊಟ್ಟಿಗೆ ನೂರು ಗಜದಿಂದ ಹೊಡೆದೋರು ನೀವೇನಾ?" ಎಂದರು. ಜಯ ಒಲೆಯ ಕಡೆ ಮುಖ ತಿರುಗಿಸಿದಳು. ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ಬೇವು ಬಿಡಿಸುತ್ತಿದ್ದರು. ನಾನು ಇಲ್ಲ ಎನ್ನಲಿಲ್ಲ. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡೆ. ಈಗ ಕೋವಿ ನಮ್ಮ ಮನೆಯ ಗೋಡೆಯ ಮೇಲಿದೆ, ಬಂದವರಿಗೆಲ್ಲ ಕಾಣುವ ಹಾಗೆ. ಬೆಳಿಗ್ಗೆ ಕೋತಿ ಬಂದರೆ ನಾನು ಹಿತ್ತಿಲ ಬಾಗಿಲು ತೆರೆದು, ಆಚೆ ಈಚೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೋಲಿನಿಂದ ಡಬ್ಬ ಬಡಿಯುತ್ತೇನೆ.